ಮುಧೋಳ ನಾಯಿಯ ಆರೈಕೆ



ಮುಧೋಳ ನಾಯಿ ನಮಗೆಲ್ಲ ಗೊತ್ತು. ಉದ್ದ ಕಾಲು. ಸಣ್ಣ ನಡು. ಚೂಪು ಮೂತಿ. ಓಡಲು ಹೊರಟರೆ ಕಣ್ಣಿಗೆ ಸಿಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ಇದರ ತವರು. ಹಳ್ಳಿಗಳಲ್ಲಿ ಇದನ್ನು ಕಾರವಾನಿ ನಾಯಿ ಎಂದೂ ಕರೆಯುತ್ತಾರೆ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಹೆಸರು ತಂದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ನಾಯಿಗಾಗಿ ಒಂದು ಸಂಶೋಧನಾ ಕೇಂದ್ರವೂ ಇದೆ.

ನಾಯಿಯ ಹೆಸರು ದೊಡ್ಡದು. ಆದರೆ ಮನೆಯಲ್ಲಿ ಅದಕ್ಕೆ ರೊಟ್ಟಿ ಹಾಕುವವರು ಯಾರು? ನೀರು ಇಡುವವರು ಯಾರು? ಮರಿಗಳನ್ನು ಜೋಪಾನ ಮಾಡುವವರು ಯಾರು? ಹೆಚ್ಚಾಗಿ ಹೆಂಗಸರೇ. ಮರಿ ಮಾರಿ ಬಂದ ಹಣದಲ್ಲಿ ಮಕ್ಕಳ ಪುಸ್ತಕ ತರುವ ಮನೆಗಳೂ ಇವೆ. ಆದ್ದರಿಂದ ಇದರ ಆರೈಕೆ ನಾವು ತಿಳಿಯಬೇಕು.

ಒಂದು ದಿನ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಅಳುತ್ತ ಬಂದರು.

"ಅಕ್ಕೋರ, ನನ್ನ ಮರಿ ಹೋತ್ರಿ. ಎರಡ ದಿನ ವಾಂತಿ ಆತು, ರಗತಭೇದಿ ಆತು. ಮುಂಜಾನೆ ನೋಡಿದ್ರ ಸತ್ತು ಬಿದ್ದಿತ್ರಿ" ಎಂದರು.

"ಸೂಜಿ ಮಾಡಿಸಿದ್ರೇನು?" ಎಂದು ಕೇಳಿದೆವು.

"ಒಂದು ಮಾಡಿಸಿದ್ದೆ. ಆಮ್ಯಾಲೆ ಈ ಕಾರ್ಡು ಕೊಟ್ಟಿದ್ರು" ಎಂದು ಚೀಲದಿಂದ ಒಂದು ಕಾರ್ಡು ತೆಗೆದರು.

ಕಾರ್ಡಿನಲ್ಲಿ ಎರಡನೇ ಸೂಜಿಯ ತಾರೀಕು ಬರೆದಿತ್ತು. ಆ ತಾರೀಕು ದಾಟಿ ಒಂದು ತಿಂಗಳಾಗಿತ್ತು. ಅವರ ಮನೆಯಲ್ಲಿ ಕಾರ್ಡು ಓದುವವರು ಯಾರೂ ಇರಲಿಲ್ಲ. ಆ ದಿನ ನಾವು ಬೇರೆ ಪಾಠ ಮಾಡಲಿಲ್ಲ. ಎಲ್ಲರೂ ಕೂತು ನಾಯಿಯ ಆರೈಕೆ ಬಗ್ಗೆಯೇ ಮಾತಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ತೆಳ್ಳಗಿದ್ದರೆ ರೋಗವೇ?

"ಎಷ್ಟ ಹಾಕಿದ್ರೂ ನಮ್ಮ ನಾಯಿ ದಪ್ಪ ಆಗಂಗಿಲ್ಲ. ಪಕ್ಕೆಲುಬು ಕಾಣ್ತಾವ" ಎಂದು ಒಬ್ಬರು ಕೇಳಿದರು. ಈ ನಾಯಿಯ ಮೈಕಟ್ಟೇ ಹಾಗೆ. ಹೊರದೇಶದ ಗ್ರೇಹೌಂಡ್ ನಾಯಿಯೂ ಹೀಗೇ ಇರುತ್ತದೆ. ಇವು ಓಡುವ ಜಾತಿ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಹೆದರಬೇಡಿ. ಆದರೆ ಬೆನ್ನುಮೂಳೆ, ಸೊಂಟದ ಮೂಳೆ ಎದ್ದು ಕಂಡರೆ ಅದು ಬಡಕಲಾಗಿದೆ ಎಂದು ಅರ್ಥ. ಹೊಟ್ಟೆಯಲ್ಲಿ ಜಂತುಹುಳ ಇರಬಹುದು. ಊಟ ಸಾಲದೆ ಇರಬಹುದು. ದನದ ದವಾಖಾನೆಗೆ ಕರೆದುಕೊಂಡು ಹೋಗಿ.

ಊಟ ಮತ್ತು ನೀರು

ಬರೀ ರೊಟ್ಟಿ ಸಾಲದು. ರೊಟ್ಟಿಯ ಜೊತೆ ಮೊಟ್ಟೆ ಅಥವಾ ಬೇಯಿಸಿದ ಮಾಂಸ ಕೊಡಿ. ಬೇಯಿಸಿದ ಎಲುಬು ಕೊಡಬೇಡಿ. ಅದು ಚೂರಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಊಟವಾದ ಕೂಡಲೇ ಓಡಿಸಬೇಡಿ. ಎದೆ ಆಳವಾಗಿರುವ ಇಂಥ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳಬಹುದು. ಹೊಟ್ಟೆ ಉಬ್ಬಿದ್ದರೆ, ವಾಂತಿಗೆ ಒದ್ದಾಡಿದರೂ ಏನೂ ಬರದಿದ್ದರೆ ತಡಮಾಡಬೇಡಿ. ಅದು ಜೀವಕ್ಕೆ ಅಪಾಯ.

ಚಳಿ ಮತ್ತು ಬಿಸಿಲು

ಈ ನಾಯಿಯ ಚರ್ಮ ತೆಳು. ಕೂದಲು ಗಿಡ್ಡ. ಮೈಯಲ್ಲಿ ಕೊಬ್ಬು ಕಡಿಮೆ. ಚಳಿಗಾಲದಲ್ಲಿ ಬರಿ ನೆಲದ ಮೇಲೆ ಮಲಗಿಸಬೇಡಿ. ಗೋಣಿಚೀಲ ಹಾಸಿ. ಬೇಸಿಗೆಯಲ್ಲಿ ಮುಂಜಾನೆ, ಸಂಜೆ ಮಾತ್ರ ಓಡಿಸಿ. ಜೋರಾಗಿ ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ತೂರಾಡಿದರೆ ಬಿಸಿಲು ಬಡಿದಿದೆ ಎಂದು ತಿಳಿಯಿರಿ. ನೆರಳಿಗೆ ತನ್ನಿ. ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ. ಕುಡಿಯುವುದಾದರೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಕೂಡಲೇ ಡಾಕ್ಟರಿಗೆ ತೋರಿಸಿ.

ಗಾಯ ಮತ್ತು ಉಣ್ಣಿ

ಮುಳ್ಳುಬೇಲಿ ತಾಗಿದರೂ ಇದರ ಚರ್ಮ ಹರಿಯುತ್ತದೆ. ಸಣ್ಣ ಗಾಯವಾದರೆ ಶುದ್ಧ ನೀರಿನಿಂದ ತೊಳೆಯಿರಿ. ದೊಡ್ಡ ಗಾಯಕ್ಕೆ ಹೊಲಿಗೆ ಬೇಕು. ಕುತ್ತಿಗೆಗೆ ತೆಳು ಹಗ್ಗ ಬೇಡ, ಕೊರೆಯುತ್ತದೆ. ಅಗಲವಾದ ಮೆತ್ತನೆ ಪಟ್ಟಿ ಹಾಕಿ.

ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ದಿನಾ ನೋಡಿ. ಉಣ್ಣಿಯಿಂದ ಜ್ವರ ಬರುತ್ತದೆ, ರಕ್ತ ಕಡಿಮೆಯಾಗುತ್ತದೆ. ಕೆಲವರು ಬೆಳೆಗೆ ಹೊಡೆಯುವ ಎಣ್ಣೆಯನ್ನೇ ನಾಯಿಗೆ ಹಚ್ಚುತ್ತಾರೆ. ಇದು ಬಹಳ ತಪ್ಪು. ನಾಯಿ ಮೈ ನೆಕ್ಕುತ್ತದೆ, ವಿಷವೇರಿ ಸಾಯುತ್ತದೆ. ಡಾಕ್ಟರು ಕೊಟ್ಟ ಔಷಧಿಯನ್ನೇ ಹಾಕಿ.

ಆಪರೇಷನ್ ಮಾಡಿಸುವಾಗ ಇದು ಮುಧೋಳ ನಾಯಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮತ್ತು ಬರಿಸುವ ಕೆಲವು ಔಷಧಿ ಈ ಮೈಕಟ್ಟಿನ ನಾಯಿಗಳಿಗೆ ಬೇಗ ಇಳಿಯುವುದಿಲ್ಲ.

ಲಸಿಕೆ

ಆ ಅಕ್ಕನ ಮರಿಗೆ ಬಂದಂಥ ವಾಂತಿ, ರಕ್ತಭೇದಿ ಹೆಚ್ಚಾಗಿ ಪಾರ್ವೋ ಎಂಬ ರೋಗದಿಂದ ಬರುತ್ತದೆ. ಇದನ್ನು ತಡೆಯುವ ಲಸಿಕೆ ಇದೆ. ಮರಿಗೆ ಒಂದೂವರೆ, ಎರಡು ತಿಂಗಳಾದಾಗ ಮೊದಲ ಲಸಿಕೆ. ಅದೊಂದೇ ಸಾಲದು. ನಾಲ್ಕು ತಿಂಗಳು ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಆಮೇಲೆ ವರ್ಷ ವರ್ಷವೂ ಹಾಕಿಸಬೇಕು. ಜಂತುಹುಳದ ಔಷಧಿ ಮರಿಗಳಿಗೆ ಎರಡು ವಾರಕ್ಕೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಎಷ್ಟು ಕೊಡಬೇಕು ಎಂಬುದನ್ನು ಡಾಕ್ಟರು ತೂಕ ನೋಡಿ ಹೇಳುತ್ತಾರೆ.

ನಾಯಿ ಕಚ್ಚಿದರೆ

ಇದು ನಮ್ಮ ಮಕ್ಕಳ ಜೀವದ ಮಾತು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರನ್ನು ಉಳಿಸುವ ಔಷಧಿ ಇಲ್ಲ. ಆದರೆ ಕಚ್ಚಿದ ಕೂಡಲೇ ಎಚ್ಚೆತ್ತರೆ ರೋಗ ಬರದಂತೆ ತಡೆಯಬಹುದು.

ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. "ನಮ್ಮ ಮನೀ ನಾಯಿ, ಸಣ್ಣ ಮರಿ, ಏನಾಗ್ತೈತಿ" ಎಂದು ಸುಮ್ಮನಿರಬೇಡಿ. ಹಲ್ಲು ತಾಗಿದ ಗೀರು ಸಣ್ಣದಿದ್ದರೂ ತೋರಿಸಿ. ಹೇಳಿದ ಎಲ್ಲ ತಾರೀಕಿಗೂ ಹೋಗಿ ಲಸಿಕೆ ಮುಗಿಸಿ. ನಡುವೆ ಬಿಡಬೇಡಿ.

ಕಾರ್ಡು ಓದೋಣ

ಮರಿ ಕಳೆದುಕೊಂಡ ಅಕ್ಕ ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಮುಂದೆ ಅವರ ನಾಯಿ ಮತ್ತೆ ಐದು ಮರಿ ಹಾಕಿತು. ಈ ಸಲ ಕಾರ್ಡಿನ ತಾರೀಕನ್ನು ಅವರೇ ಓದಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ಐದೂ ಮರಿ ಉಳಿದವು.

ನಿಮ್ಮ ಮನೆಯಲ್ಲಿಯೂ ಕಾರ್ಡು ಇರಬಹುದು. ನಾಯಿಯದಿರಲಿ, ಮಗುವಿನದಿರಲಿ. ನಾಳೆ ಬರುವಾಗ ತನ್ನಿ. ಮುಂದಿನ ತಾರೀಕು ಯಾವುದು? ಎಲ್ಲರೂ ಸೇರಿ ಓದೋಣ.