ಕಲ್ಲು ಮುಳುಗಿದ್ರ ಎದ್ದ ಬರ್ರಿ

ಸ್ಟ್ರೈಪ್ಡ್ ಬಾಸ್ ಅನ್ನೋ ಮೀನನ್ನ ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಒಬ್ಬ ಅಮೆರಿಕದ ಫಿಶಿಂಗ್ ಗೈಡ್‌ಗಳ ವಿಡಿಯೋ ಹಾಕಿದ್ದೇ ಇದಕ್ಕೆಲ್ಲ ಮೂಲ. ಬೆಳ್ಳಿ ಮೈಮೇಲೆ ಸಾಲಾಗಿ ಕಪ್ಪು ಗೆರೆ, ಕೈತುಂಬ ಮೀನು. ಗೈಡ್ ದೊಡ್ಡ ಸರೋವರದ ನಡುವೆ ಬೋಟು ನಿಲ್ಲಿಸಿ 'ಇಲ್ಲಿ ಹಾಕಿ' ಅಂತಾನೆ, ಹಾಕಿದವನ ಗಾಳಕ್ಕೆ ಮೀನು ಬೀಳತ್ತೆ. ದುಡ್ಡು ಕೊಟ್ಟವರಿಗೆ ಮೀನಿರೋ ಜಾಗ ತೋರಿಸೋದೇ ಆತನ ಕಸುಬು. 'ನಮ್ಮಲ್ಲೂ ಡ್ಯಾಮ್ ಐತಿ, ಹೊಳಿ ಐತಿ, ಗೈಡ್ ಒಬ್ಬ ಬೇಕಷ್ಟ' ಅಂತ ಮಾತು ಶುರುವಾಗಿ, ಶನಿವಾರ ನಸುಕಿಗೆ ಎರಡು ಬೈಕಿನಲ್ಲಿ ನಾಲ್ಕು ಜನ ಹೊರಟೇಬಿಟ್ಟೆವು. ಕಿತ್ತೂರಿನಲ್ಲಿ ಚಹಾ, ಬೈಲಹೊಂಗಲದಲ್ಲಿ ಗಿರಮಿಟ್ಟು, ಅಲ್ಲಿಂದ ಸವದತ್ತಿ.

ಹೊಳೆಯನ್ನ ಮೊದಲು ಪರಿಚಯ ಮಾಡಿಬಿಡ್ತೀವಿ. ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕಿತ್ತೂರಿನ ಹತ್ತಿರ ಎಂ.ಕೆ. ಹುಬ್ಬಳ್ಳಿಯ ಸೇತುವೆ ದಾಟಿ, ಬೈಲಹೊಂಗಲದ ಸೀಮೆಯಲ್ಲಿ ಹರಿದು, ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳತ್ತೆ. 1970ರ ದಶಕದಲ್ಲಿ ಆ ಇಕ್ಕಟ್ಟಿಗೇ ಅಣೆಕಟ್ಟು ಕಟ್ಟಿದರು. ಹಿಂದೆ ನಿಂತ ನೀರು ರೇಣುಕಾಸಾಗರ, ಸುಮಾರು 37 ಟಿಎಂಸಿ ಹಿಡಿಯೋ ಜಲಾಶಯ. ಅಲ್ಲಿಂದ ಕೆಳಗೆ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರೋ ನೀರೂ ಇಲ್ಲಿಯದೇ.

ಗೈಡ್ ಅಂತ ಬೋರ್ಡು ಹಾಕಿಕೊಂಡವರು ಅಲ್ಲಿ ಯಾರೂ ಸಿಗಲಿಲ್ಲ. ಸಿಕ್ಕಿದ್ದು ಬಲೆ ಒಣಗಿಸ್ತಾ ಕೂತಿದ್ದ ಒಬ್ಬ ಅಂಬಿಗರ ಹಿರಿಯ. ಕಾಕಾ ಅಂತ ಕರೆದೆವು, ಅವರು ನಮ್ಮನ್ನ ತಮ್ಮಾ ಅಂದರು. 'ನಾಳೆ ಮುಂಜಾನೆ ಸಾಗರದಾಗ ಕರ್ಕೊಂಡ ಹೋಗ್ತೀನಿ. ಇವತ್ತ ಹೊಳಿದಂಡಿಗೆ ಕೂತ ಕೈ ರೂಢಿ ಮಾಡ್ಕೋರಿ' ಅಂತ ಡ್ಯಾಮಿನ ಕೆಳಗೆ, ಮುನವಳ್ಳಿ ಕಡೆಯ ಒಂದು ಮಡುವಿಗೆ ಕರೆತಂದರು. ಎರೆಹುಳ ಹೆಂಗೆ ಪೋಣಿಸೋದು ತೋರಿಸಿದರು. ಆಮೇಲೆ ಅಂಗೈಯಷ್ಟಗಲದ ಒಂದು ಕಲ್ಲು ಹುಡುಕಿ, ನೀರಿಗೆ ತಾಗೋ ಹಂಗೆ ದಂಡೆಯ ಅಂಚಿಗೆ ಇಟ್ಟು ಹೇಳಿದರು: 'ಇದರ ಮ್ಯಾಲ ಒಂದ ಕಣ್ಣ ಇರ್ಲಿ. ಕಲ್ಲು ಮುಳುಗಿದ್ರ ಸಾಮಾನೆಲ್ಲಾ ಬಿಟ್ಟ ಎದ್ದ ಬರ್ರಿ.'

ನಾವು ಹೂಂ ಅಂದೆವು. ಅವರು ಎಮ್ಮೆ ಹೊಡ್ಕೊಂಡು ಬರಲು ಹೋದರು. ನಮ್ಮಲ್ಲಿಬ್ಬರು ನಡುವಿನ ಬಂಡೆಗೆ ಹಾರಿ ಕೂತರು, ಅಲ್ಲಿಂದ ಗಾಳ ದೂರ ಹೋಗತ್ತೆ ಅಂತ. ಮುಕ್ಕಾಲು ಗಂಟೆ ಕಳೆದಿರಬೇಕು. ನೀರು ಹೆಚ್ಚಿದ್ದು ನಮಗೆ ಗೊತ್ತೇ ಆಗಲಿಲ್ಲ. ಸದ್ದಿಲ್ಲ, ಕೆಂಪು ನೀರಿಲ್ಲ, ಕಸಕಡ್ಡಿ ಇಲ್ಲ. ದಂಡೆಯಲ್ಲಿದ್ದವನು ಸುಮ್ಮನೆ ಕಲ್ಲಿನ ಕಡೆ ನೋಡಿದ, ಕಲ್ಲಿರಲಿಲ್ಲ. ಬರುವಾಗ ಪಾದ ತೋಯಿಸಿಕೊಂಡು ದಾಟಿದ್ದ ಜಾಗದಲ್ಲಿ ವಾಪಸ್ ಬರುವಾಗ ತೊಡೆಮಟ್ಟ ನೀರು. ಎರಡನೆಯವನ ಕಾಲು ಕಿತ್ತುಕೊಂಡು ಹೋಗಿ, ದಂಡೆಯಿಂದ ನಾವು ಚಾಚಿದ ಟವಲ್ಲು ಅವನ ಕೈಗೆ ಸಿಕ್ಕಿದ್ದೇ ಪುಣ್ಯ. ರಾಡು, ಚಪ್ಪಲಿ, ಒಂದು ಫೋನು ಹೊಳೆಪಾಲು. ಮೇಲೆ ನೀರು ಬಿಡ್ತಾರೆ ಅನ್ನೋ ಸುದ್ದಿ ಆವತ್ತಿನ ಪೇಪರಿನಲ್ಲೇ ಇತ್ತು, ಗಿರಮಿಟ್ಟು ತಿಂದ ಅಂಗಡಿಯ ಟೇಬಲ್ ಮೇಲೇ ಆ ಪೇಪರು ಬಿದ್ದಿತ್ತು. ನಾವು ಓದಿರಲಿಲ್ಲ.

ಕಾಕಾ ಕಲ್ಲನ್ನೇ ಯಾಕೆ ನಂಬಿದರು? ನೀರಿನ ಬಣ್ಣ ಬದಲಾದಾಗ ಏಳಿ ಅಂತ ಯಾಕೆ ಹೇಳಲಿಲ್ಲ? ರಾತ್ರಿ ನಿದ್ದೆ ಬರದೆ ಇದನ್ನೇ ಲೆಕ್ಕ ಹಾಕಿದೆವು. ಸಿವಿಲ್‌ನವನಿಗೆ ಮ್ಯಾನಿಂಗ್ ಸೂತ್ರ ನೆನಪಿತ್ತು. ಅಗಲವಾದ ಹೊಳೆಯಲ್ಲಿ ನೀರಿನ ವೇಗ ಆಳದ ಮೂರನೇ ಎರಡು ಘಾತಕ್ಕೆ ಅನುಗುಣವಾಗಿ ಏರತ್ತೆ. ಅದರಿಂದ ಹೊರಡೋ ಫಲಿತಾಂಶ ಏನಂದ್ರೆ, ಏರಿಕೆಯ ಅಲೆ ನೀರಿಗಿಂತ ಜೋರಾಗಿ ಓಡತ್ತೆ, ಹೆಚ್ಚುಕಮ್ಮಿ ಮೂರರಲ್ಲಿ ಐದು ಪಟ್ಟು. ನೀರು ಸೆಕೆಂಡಿಗೆ 1.2 ಮೀಟರ್ ಹರೀತಿದೆ ಅನ್ನಿ. ಅಲೆ ಸೆಕೆಂಡಿಗೆ 2 ಮೀಟರ್ ಓಡತ್ತೆ. 10 ಕಿಲೋಮೀಟರ್ ಕೆಳಗೆ ಕೂತವನ ಕಾಲ ಹತ್ತಿರ ಮಟ್ಟ ಏರೋದು ಸುಮಾರು 1 ಗಂಟೆ 23 ನಿಮಿಷಕ್ಕೆ. ಗೇಟಿನಿಂದ ಹೊರಬಿದ್ದ ಆ ನೀರೇ ಅವನನ್ನ ಮುಟ್ಟೋದು 2 ಗಂಟೆ 19 ನಿಮಿಷಕ್ಕೆ. ಅಂದ್ರೆ ಕೆಂಪು ನೀರಿಗೆ ಕಾದು ಕೂತವನು ಮುಕ್ಕಾಲು ಗಂಟೆಗೂ ಹೆಚ್ಚು ತಡ ಮಾಡಿದ ಹಾಗೆ. ಅದೂ ಅಲ್ಲದೆ ಜಲಾಶಯದಲ್ಲಿ ನಿಂತ ನೀರಿನ ಹೂಳು ತಳ ಸೇರಿರತ್ತೆ, ಗೇಟಿನಿಂದ ಬರೋದು ಬಹುಮಟ್ಟಿಗೆ ತಿಳಿನೀರೇ. ಕೆಂಪಾಗೋದಕ್ಕೆ ಕಾರಣವೇ ಇಲ್ಲ!

ಕ್ಯೂಸೆಕ್ ಅನ್ನೋ ಪದ ಮಳೆಗಾಲದಲ್ಲಿ ದಿನಾ ಕೇಳ್ತೀವಿ, ಅದರ ತೂಕ ನಮಗೆ ಹೊಳೆದಿರಲಿಲ್ಲ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28.3 ಲೀಟರ್. 10,000 ಕ್ಯೂಸೆಕ್ ಬಿಟ್ಟರು ಅಂದ್ರೆ 10,000 ಲೀಟರಿನ ಟ್ಯಾಂಕರ್‌ಗಳನ್ನ ಸೆಕೆಂಡಿಗೆ 28ರಂತೆ ಸುರಿದ ಹಾಗೆ. ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳೋ ಒತ್ತು ನಾಲ್ಕು ಪಟ್ಟು. 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಮುನವಳ್ಳಿಗೆ, ರಾಮದುರ್ಗಕ್ಕೆ ನುಗ್ಗಿದ್ದನ್ನ ಆ ಕಡೆಯ ಗೆಳೆಯರನ್ನ ಕೇಳಿ, ಹೇಳ್ತಾರೆ.

ಮರುದಿನ ಕಾಕಾ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಬೆಳಕು ಹರಿಯೋ ಮೊದಲೇ ದೋಣಿ ಇಳಿಸಿದರು. ನಮ್ಮ ಎಲೆಕ್ಟ್ರಾನಿಕ್ಸ್‌ನವನು ಆನ್‌ಲೈನಿನಲ್ಲಿ ತರಿಸಿದ್ದ ಅಗ್ಗದ ಫಿಶ್ ಫೈಂಡರ್ ಹೊರತೆಗೆದ. ಅದರ ತತ್ವ ಸರಳ: ನೀರೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗತ್ತೆ, 10 ಮೀಟರ್ ಆಳದ ತಳ ಮುಟ್ಟಿ ವಾಪಸ್ ಬರೋಕೆ 13 ಮಿಲಿಸೆಕೆಂಡ್ ಸಾಕು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಶಬ್ದವನ್ನ ಜೋರಾಗಿ ತಿರುಗಿಸತ್ತೆ, ತೆರೆಯ ಮೇಲೆ ಕಮಾನು ಮೂಡತ್ತೆ. ಮೂಡಿತು ಕೂಡ. ಆದರೆ ಅದು ದೋಣಿಯ ಕೆಳಗೆ ಈಗ ಏನಿದೆ ಅಂತ ಹೇಳತ್ತೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳಲ್ಲ.

ಅದನ್ನ ಹೇಳಿದ್ದು ಕಾಕಾ. ಎಡಕ್ಕೆ ಯಲ್ಲಮ್ಮನ ಗುಡ್ಡದ ಒಂದು ತುದಿಯನ್ನ ದಂಡೆಯ ಹುಣಸೆ ಮರಕ್ಕೆ ನೇರ ಹಿಡಿದರು. ಹುಟ್ಟು ಹಾಕ್ತಾ ಹೋಗಿ, ಬಲಕ್ಕೆ ಒಂದು ಕಂಬ ಇನ್ನೊಂದು ಗುಡ್ಡದ ಹೆಗಲಿಗೆ ಸರಿಯಾದಾಗ ನಿಲ್ಲಿಸಿದರು. ಎರಡು ಗೆರೆ ಕೂಡೋ ಬಿಂದು, ಸರ್ವೇ ಲ್ಯಾಬಿನಲ್ಲಿ ನಾವು ಟ್ರೈಪಾಡ್ ಹೊತ್ತು ಮಾಡಿದ್ದೇ. 'ಕೆಳಗ ಹಳೇ ಹೊಳಿ ಐತಿ ಇಲ್ಲಿ. ಆಕಡೆ ಹಳೇ ದಾರಿ, ಬಾವಿ. ಬಲಿ ಸಿಗಬೀಳ್ತೈತಿ ಅಲ್ಲಿ, ಗಾಳ ಅಷ್ಟ ಹಾಕಬೇಕು' ಅಂದರು. ಜಲಾಶಯ ಬಂದಾಗ ಅವರಪ್ಪನ ಹೊಲವೂ ಮುಳುಗಿತ್ತಂತೆ. ಅವರು ಓದ್ತಿದ್ದದ್ದು ನೀರಿನ ಕೆಳಗಿನ ಊರಿನ ನಕ್ಷೆಯನ್ನ.

ಇಲ್ಲಿಗೂ ಆ ಸ್ಟ್ರೈಪ್ಡ್ ಬಾಸ್‌ಗೂ ಒಂದು ನಂಟಿದೆ. ಅದು ಸಮುದ್ರದ ಮೀನು, ಮೊಟ್ಟೆ ಇಡೋಕೆ ಹೊಳೆ ಹತ್ತತ್ತೆ. 1940ರ ದಶಕದ ಶುರುವಿನಲ್ಲಿ ದಕ್ಷಿಣ ಕೆರೋಲಿನಾದ ಸ್ಯಾಂಟೀ-ಕೂಪರ್ ಅಣೆಕಟ್ಟುಗಳು ಎದ್ದಾಗ ಒಂದಷ್ಟು ಮೀನು ಒಳಗೇ ಉಳಿದವು. ಸಾಯ್ತವೆ ಅಂದ್ಕೊಂಡ್ರೆ ಅಲ್ಲೇ ಸಂಸಾರ ಹೂಡಿದವು. ಕಾರಣ, ಜಲಾಶಯದ ಮೇಲೆ ಉದ್ದನೆಯ ಹರಿಯೋ ಹೊಳೆ ಉಳಿದಿತ್ತು. ಅವುಗಳ ಮೊಟ್ಟೆ ಸುಮಾರು ಎರಡು ದಿನ ತೇಲ್ತಾ ಹರೀಬೇಕು, ತಳ ಕಂಡರೆ ಕೆಟ್ಟವು. ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ಪೇಚು. ಮೇಲಿನ ನೀರು ಬಿಸಿ, ಕೆಳಗಿನ ತಂಪು ನೀರಿನಲ್ಲಿ ಆಮ್ಲಜನಕ ಕಡಿಮೆ, ನಡುವಿನ ತೆಳು ಪದರದಲ್ಲಿ ಮಾತ್ರ ಬದುಕು. ಅಲ್ಲಿಯ ಗೈಡ್ ವಸಂತದಲ್ಲಿ ಹೊಳೆಗೆ, ಬೇಸಿಗೆಯಲ್ಲಿ ಸರೋವರದ ಆ ಪದರಕ್ಕೆ ಗಿರಾಕಿಗಳನ್ನ ಒಯ್ಯೋದು ಇದಕ್ಕೇ.

ನಮ್ಮ ಕಾಟ್ಲಾ, ರೋಹು, ಮೃಗಾಲ್‌ಗಳದೂ ಇಂಥದ್ದೇ ಕಥೆ, ಅರ್ಧ ಮಾತ್ರ. ಇವು ಮೂಲತಃ ಗಂಗೆಯ ಕಡೆಯವು. ಮೊಟ್ಟೆ ಇಡೋಕೆ ಇವಕ್ಕೂ ಪ್ರವಾಹ ಬೇಕು, ನಿಂತ ನೀರಿನಲ್ಲಿ ಇಡಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿ ಮಾಡಿಸಿ ತೋರಿಸಿದ ಮೇಲೆಯೇ ದೇಶದ ಕೆರೆ, ಜಲಾಶಯಗಳಿಗೆ ಬೇಕಾದಷ್ಟು ಮರಿ ಸಿಗೋ ಹಾಗಾಯ್ತು. ಹಾಗಾಗಿ ಜಲಾಶಯದ ಈ ಮೀನು ಯಾರೋ ಬಿಟ್ಟಿದ್ದು, ಯಾರೋ ಪರವಾನಗಿ ತಗೊಂಡು ಹಿಡಿಯೋ ಹಕ್ಕು ಪಡೆದದ್ದು. ಪುಕ್ಕಟೆ ಅಲ್ಲ. ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಮಾತ್ರ ಸುಲಭದ ಸೂತ್ರ ಇದೆ: ಕಾಟ್ಲಾ ಬಾಯಿ ಮೇಲ್ಮುಖ, ಅದು ಮೇಲೆ ಮೇಯತ್ತೆ. ರೋಹು ನಡುವೆ. ಮೃಗಾಲ್ ಬಾಯಿ ಕೆಳಕ್ಕೆ, ತಳದಲ್ಲಿ. ಬಾಯಿ ನೋಡಿದರೆ ಗಾಳದ ಆಳ ಗೊತ್ತಾಗತ್ತೆ.

ಗೈಡ್ ಕೆಲಸ ಕರ್ನಾಟಕಕ್ಕೆ ಹೊಸದೇನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಮುಂದೆ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರಗಳಿಗೆ ಜಗತ್ತಿನ ಗಾಳಗಾರರು ಬರ್ತಿದ್ದರು. ಹೊಳೆ ಬಲ್ಲ ಹಳ್ಳಿಯವರೇ ಅಲ್ಲಿ ಗೈಡ್‌ಗಳು, ಹಿಡಿದ ಮೀನನ್ನ ತೂಗಿ ವಾಪಸ್ ಬಿಡೋದು ನಿಯಮ. ಅಭಯಾರಣ್ಯದೊಳಗೆ ಗಾಳ ಹಾಕೋದೂ ಬೇಟೆಯೇ ಅನ್ನೋ ನಿಲುವಿನಿಂದ 2012ರ ಹೊತ್ತಿಗೆ ಅದು ನಿಂತಿತು. ಅಲ್ಲಿಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಗಾಳ ನಿಂತದ್ದು ಸರಿಯೋ ತಪ್ಪೋ ಅಂತ ನಮ್ಮಲ್ಲೇ ಎರಡು ಪಕ್ಷ ಇವೆ. ಗಾಳದವರು ಇದ್ದಾಗ ದಂಡೆ ಮೇಲೆ ಕಾವಲು ಕಣ್ಣೂ ಇರ್ತಿತ್ತು, ನೀರಿಗೆ ಡೈನಮೈಟ್ ಎಸೆಯೋರು ಹೆದರ್ತಿದ್ದರು ಅನ್ನೋದು ಒಂದು ಪಕ್ಷ. ಅಂದಹಾಗೆ ಡೈನಮೈಟ್, ವಿಷ ಹಾಕೋದು 1897ರ ಕಾಯ್ದೆಯಿಂದಲೇ ಅಪರಾಧ.

ರೇಣುಕಾಸಾಗರದ ಮುಂಜಾನೆಗೆ ವಾಪಸ್ ಬರೋಣ. ಬಿಸಿಲೇರೋದ್ರೊಳಗೆ ಮೂರು ಮೀನು ಬಿದ್ದವು, ಒಂದು ಕಾಟ್ಲಾ ಎರಡು ಕಿಲೋ ಮೇಲಿತ್ತು. ಫೋಟೋ ಆದಮೇಲೆ ಕಾಕಾ ಮೂರನ್ನೂ ತಮ್ಮ ಬುಟ್ಟಿಗೆ ಹಾಕಿಕೊಂಡರು. ಲೈಸನ್ಸ್ ಅವರದು, ನಮಗದು ಸರಿಯೆನಿಸಿತು. ದುಡ್ಡು ಎಷ್ಟು ಅಂದರೆ 'ನಿಮಗ ತಿಳದಷ್ಟ ಕೊಡ್ರಿ' ಅಂದರು. ನಾಲ್ಕು ಜನರ ನಡುವೆ ಒಂದು ದಿನದ ಕೂಲಿಯ ಲೆಕ್ಕ ಹಿಡಿದು ಕೊಟ್ಟೆವು. ಆಮೇಲೆ ಬೈಕ್ ಹತ್ತುವಾಗ ಅದು ಬಹಳ ಕಡಿಮೆ ಅನ್ನಿಸಿ ಒಬ್ಬ ಓಡಿಹೋಗಿ ಇನ್ನಷ್ಟು ಕೊಟ್ಟು ಬಂದ.

ಹೋಗೋರಿದ್ದರೆ ಇಷ್ಟು ಕೇಳಿ. ಲೈಫ್ ಜಾಕೆಟ್ ನೀವೇ ಒಯ್ಯಿರಿ, ದೋಣಿಯಲ್ಲಿ ಇರಲ್ಲ. ಪರವಾನಗಿ ಇರೋ ಮೀನುಗಾರರ ಜೊತೆಗೇ ಇಳಿಯಿರಿ. ಮಳೆಗಾಲದಲ್ಲಿ ಡ್ಯಾಮಿನ ಕೆಳಗಿನ ಹೊಳೆ ಬೇಡವೇ ಬೇಡ, ಬೇರೆ ದಿನವೂ ಒಳಹರಿವು ಹೊರಹರಿವಿನ ಸುದ್ದಿ ನೋಡಿಕೊಂಡು ಹೋಗಿ. ದಂಡೆಗೆ ಕೂತ ಮೇಲೆ ಮೊದಲು ಒಂದು ಕಲ್ಲು ಇಡಿ, ಆಮೇಲೆ ಎರೆಹುಳದ ಡಬ್ಬಿ ತೆಗೆಯಿರಿ.