ನಡುವಿನ ಹಂತ ಬಿಟ್ಟ ಚಿಪ್

ಕೂಡ್ಲಿಗಿಯಿಂದ ಹಡಗಲಿವರೆಗೆ, ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿವರೆಗೆ, ಯಾವ ಊರಿನ ಮಾಳಿಗೆ ನೋಡಿದರೂ ದೂರದರ್ಶನದ ಫ್ರೀ ಡಿಶ್ ಇರುವ ಮನೆಗಳ ಡಿಶ್‌ಗಳೆಲ್ಲ ಆಗ್ನೇಯಕ್ಕೇ ತಿರುಗಿರುತ್ತವೆ. ಅವು ನೋಡುವುದು 93.5 ಡಿಗ್ರಿ ಪೂರ್ವದಲ್ಲಿ, ನಮ್ಮ ದಿಗಂತದಿಂದ ಸುಮಾರು 63 ಡಿಗ್ರಿ ಮೇಲಿರುವ ಜಿಸ್ಯಾಟ್-15 ಉಪಗ್ರಹವನ್ನು. 2015ರ ನವೆಂಬರ್‌ನಲ್ಲಿ ಹಾರಿದ ಅದರ ನಿಯಂತ್ರಣ ನಮ್ಮ ಹಾಸನದ್ದೇ. ಇಷ್ಟು ಹಲವರಿಗೆ ಗೊತ್ತು. ಆ ಡಿಶ್‌ನಿಂದ ಇಳಿದ ಕೇಬಲ್ ಸೆಟ್‌ಟಾಪ್ ಬಾಕ್ಸ್ ಒಳಗೆ ಮೊದಲು ಮುಟ್ಟುವುದು ಏನನ್ನು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಈಚೆಗೆ, ಕೊಟ್ಟೂರಿನ ಒಂದು ರಿಪೇರಿ ಅಂಗಡಿಯಲ್ಲಿ.

ಮೆಕ್ಯಾನಿಕ್ ಎರಡು ಬೋರ್ಡ್‌ಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಹಿಂದೆ ಕೇಬಲ್ ಆಪರೇಟರ್ ಕೋಣೆಯಲ್ಲಿದ್ದ ರಿಸೀವರಿನದು. ಅದರ ಟ್ಯೂನರ್ ತಗಡಿನ ಡಬ್ಬಿ, ಒಳಗೆಲ್ಲ ತಂತಿ ಸುರುಳಿಗಳು. ಇನ್ನೊಂದು ಈಗಿನದು. ಅದರಲ್ಲಿ ಡಬ್ಬಿಯೇ ಇಲ್ಲ, ಜೋಳದ ಕಾಳಿಗಿಂತ ಕೊಂಚ ದೊಡ್ಡದಾದ ಕಪ್ಪು ಚಿಪ್ ಇದೆ. ‘ಹಳೇದ್ರಾಗ ಏನ್ ಹೋಗೈತಿ ಅಂತ ಹುಡುಕ್ತಿದ್ವಿ. ಇದು ಸುಟ್ರ ಬೋರ್ಡೇ ಬದ್ಲಿ ಮಾಡ್ಬೇಕ್ರೀ ಸರ್’ ಎಂದರು. ಅವರ ಬೇಸರ ನನಗೂ ನ್ಯಾಯವೆನಿಸಿತು. ಆದರೂ ಆ ಚಿಪ್ಪಿನಿಂದ ಕಣ್ಣು ಕೀಳಲಾಗಲಿಲ್ಲ.

ಅದರ ಕೆಲಸ ಹೀಗೆ. 11,090 ಮೆಗಾಹರ್ಟ್ಸ್‌ನಲ್ಲಿ ಬಂದ ಸಿಗ್ನಲ್ಲನ್ನು ಡಿಶ್ ಮುಂದಿನ ಎಲ್‌ಎನ್‌ಬಿ 9,750 ಕಳೆದು 1,340ಕ್ಕೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ತಗಡಿನ ಡಬ್ಬಿ ಇದನ್ನು ಮತ್ತೆ 479.5 ಮೆಗಾಹರ್ಟ್ಸ್ ಎಂಬ ನಡುವಿನ ಹಂತಕ್ಕೆ ತಂದು, ಸಾ (SAW) ಎಂಬ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ಕೆಳಗಿಳಿಸುತ್ತಿತ್ತು. 1918ರಲ್ಲಿ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ದಾರಿ ಅದು. ಈಗಿನ ಬೋರ್ಡಿನ ಡೈರೆಕ್ಟ್ ಕನ್ವರ್ಷನ್ ಚಿಪ್ ತಾನೂ 1,340 ಮೆಗಾಹರ್ಟ್ಸ್ ಅಲೆಯನ್ನೇ ಹುಟ್ಟಿಸಿ, ಬಂದದ್ದರ ಜೊತೆ ಬೆರೆಸಿ ಒಂದೇ ಸಲಕ್ಕೆ ಸೊನ್ನೆಗೆ ಇಳಿಸುತ್ತದೆ. ಸಾ ಫಿಲ್ಟರನ್ನು ಚಿಪ್ಪಿನೊಳಗೆ ಕೂರಿಸುವುದು ಕಷ್ಟ. ಸೊನ್ನೆಯ ಹತ್ತಿರ ಬೇಕಾಗುವ ಸುಮಾರು 20 ಮೆಗಾಹರ್ಟ್ಸ್‌ನ ಫಿಲ್ಟರ್ ಸಿಲಿಕಾನ್‌ನಲ್ಲೇ ಆಗುತ್ತದೆ. ಬಾಕ್ಸ್ ಅಗ್ಗವಾದದ್ದರಲ್ಲಿ ಇದರ ಪಾಲೂ ಇದೆ.

ಇದೇನು ಹೊಸ ಯೋಚನೆಯಲ್ಲ. ಕೋಲ್‌ಬ್ರೂಕ್ ಎಂಬವರು ಇದನ್ನು 1924ರಲ್ಲೇ ‘ಹೋಮೊಡೈನ್’ ಎಂದು ಬರೆದಿದ್ದರು. ಅಷ್ಟು ವರ್ಷ ಮೂಲೆಗೆ ಬಿದ್ದಿದ್ದೇಕೆ? ಚಿಪ್ ಹುಟ್ಟಿಸುವ ಅಲೆಯೂ ಬರುವ ಸಿಗ್ನಲ್ಲೂ ಒಂದೇ ಫ್ರೀಕ್ವೆನ್ಸಿ. ಅಲೆ ಚೂರು ಸೋರಿ ಇನ್‌ಪುಟ್‌ಗೆ ಹೋಗುತ್ತದೆ, ತಿರುಗಿ ಬಂದು ತನ್ನ ಜೊತೆ ತಾನೇ ಬೆರೆಯುತ್ತದೆ, ಸರಿಯಾಗಿ ಸೊನ್ನೆಯ ಜಾಗದಲ್ಲಿ ಸುಳ್ಳು ವೋಲ್ಟೇಜ್ ನಿಲ್ಲಿಸುತ್ತದೆ. ಸಣ್ಣ ಅಗಲದ ಸಿಗ್ನಲ್ ಆಗಿದ್ದರೆ ಕಥೆ ಮುಗಿದಂತೆಯೇ. ಉಪಗ್ರಹ ಟಿವಿಯ ಸಿಗ್ನಲ್ ಹಾಗಲ್ಲ, ಹತ್ತಾರು ಮೆಗಾಹರ್ಟ್ಸ್ ಅಗಲ. ಸೊನ್ನೆಯ ಸುತ್ತಲಿನ ಸಣ್ಣ ಎಳೆಯನ್ನು ಕಿತ್ತುಹಾಕಿದರೂ ನಷ್ಟವಿಲ್ಲ. ಕಳಿಸುವಾಗಲೇ ಬಿಟ್‌ಗಳನ್ನು ಕಲಸಿರುತ್ತಾರೆ, ಕೆಟ್ಟವನ್ನು ಸರಿಪಡಿಸಲು ರೀಡ್-ಸಾಲೊಮನ್ ಕೋಡ್ ಇದೆ. ಬಿಟ್‌ಗಳನ್ನು ಅಲೆಗೆ ಏರಿಸುವ ಕ್ಯೂಪಿಎಸ್‌ಕೆ ವಿಧಾನಕ್ಕೆ ನಾಲ್ಕೇ ಸ್ಥಿತಿ. ಚಿಪ್ ಸಿಗ್ನಲ್ಲನ್ನು ಒಡೆದು ನಡೆಸುವ ಎರಡು ಕವಲುಗಳಲ್ಲಿ ತುಸು ಏರುಪೇರಾದರೂ ಅದು ತಡೆದುಕೊಳ್ಳುತ್ತದೆ. ಮೂಲೆಗುಂಪಾಗಿದ್ದ ವಿಧಾನಕ್ಕೆ ಹೇಳಿ ಮಾಡಿಸಿದಂಥ ಸಿಗ್ನಲ್ ಕೊನೆಗೂ ಸಿಕ್ಕಿತ್ತು! 1990ರ ದಶಕದ ಕೊನೆಗೆ ಮ್ಯಾಕ್ಸಿಮ್, ಫಿಲಿಪ್ಸ್‌ನಂಥ ಕಂಪನಿಗಳು ಇಂಥ ಚಿಪ್ ಮಾರುಕಟ್ಟೆಗೆ ತಂದವು.

ಚಿಪ್ಪಿನಂತೆ ಉಪಗ್ರಹ ಟಿವಿಯೂ ನಮ್ಮ ಮಾಳಿಗೆಗೆ ಬಂದದ್ದು ತಡವಾಗಿಯೇ. ನಮ್ಮಲ್ಲಿ 1975-76ರ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳು ಮೂರು ಮೀಟರ್ ಜಾಲರಿ ಆಂಟೆನಾದಲ್ಲಿ ಉಪಗ್ರಹದ ಟಿವಿ ಕಂಡವು. ಬಳ್ಳಾರಿ ಸೀಮೆಯ ಸರದಿ ಆಗ ಬರಲಿಲ್ಲ. ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು, ಮುಂದೆ ಫ್ರೀ ಡಿಶ್ ಆಯಿತು. ತಿಂಗಳ ಬಾಡಿಗೆ ಇಲ್ಲದ ಟಿವಿ ಎಂಬುದು ಮಳೆ ನಂಬಿದ ತಾಲ್ಲೂಕುಗಳಲ್ಲಿ ಸಣ್ಣ ಮಾತಲ್ಲ.

ಕೆಟ್ಟ ಬಾಕ್ಸ್‌ಗಳು ಈಗ ಗುಜರಿಗೆ ಹೋಗುತ್ತಿವೆ. ನಮ್ಮ ಐಟಿಐ, ಡಿಪ್ಲೊಮಾ ತರಗತಿಗಳು ಅವನ್ನು ತರಿಸಿಕೊಳ್ಳಬೇಕು. ಮೊಬೈಲ್ ಫೋನ್ ಒಳಗಿರುವುದೂ ಹೆಚ್ಚಾಗಿ ಇದೇ ಡೈರೆಕ್ಟ್ ಕನ್ವರ್ಷನ್ ವಿಧಾನ. ಹೊಸ ಲ್ಯಾಬ್ ಬರಲಿ ಎಂದು ಕಾಯುವ ಬದಲು ಒಂದು ಹಳೇ ತಗಡಿನ ಡಬ್ಬಿ, ಒಂದು ಈಗಿನ ಬೋರ್ಡ್ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದರೆ ಸಾಕು; ಕಲಿಸಲು ಆ ಮೆಕ್ಯಾನಿಕ್‌ನಂಥವರನ್ನೂ ಕರೆಯಬೇಕು.