ಚಿತ್ರ ಮಾರಬೇಕೇ, ಪಿಂಚಣಿ ಕಡಿಯಬೇಕೇ?

ಹಳ್ಳಿಯ ಮದುವೆಯಲ್ಲಿ ಮೈಮರೆತು ಕುಣಿಯುತ್ತಿರುವ ರೈತರು. ಪೀಟರ್ ಬ್ರೂಗೆಲ್ 1566ರ ಸುಮಾರಿಗೆ ಬರೆದ ಈ ಚಿತ್ರ ಅಮೆರಿಕದ ಡೆಟ್ರಾಯಿಟ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. 1930ರಲ್ಲಿ ಅದನ್ನು ಕೊಂಡದ್ದು ನಗರದ ಹಣದಿಂದ. 2013ರ ಡಿಸೆಂಬರಿನಲ್ಲಿ ಹರಾಜು ಸಂಸ್ಥೆ ಕ್ರಿಸ್ಟೀಸ್ ಅದಕ್ಕೆ 10ರಿಂದ 20 ಕೋಟಿ ಡಾಲರ್ ಬೆಲೆ ಕಟ್ಟಿತು. ಇದು ಕಲಾಭಿಮಾನದಿಂದ ಕಟ್ಟಿಸಿದ ಬೆಲೆಯಲ್ಲ. ಆ ವರ್ಷದ ಜುಲೈನಲ್ಲಿ ನಗರ ದಿವಾಳಿ ಅರ್ಜಿ ಹಾಕಿತ್ತು. ಬಸ್ ಓಡಿಸಿ, ಕಸ ಎತ್ತಿ, ಬೆಂಕಿ ಆರಿಸಿ ನಿವೃತ್ತರಾದ 20 ಸಾವಿರಕ್ಕೂ ಹೆಚ್ಚು ಮಂದಿ ಸಾಲಗಾರರ ಸಾಲಿನಲ್ಲಿ ಅಲ್ಲ, ಸಾಲ ಕೊಟ್ಟವರ ಸಾಲಿನಲ್ಲಿ ನಿಂತಿದ್ದರು.

ನಮ್ಮಲ್ಲಿ ಹಳೆಯ ಪದ್ಧತಿಯ ಸರ್ಕಾರಿ ಪಿಂಚಣಿ ಆಯಾ ವರ್ಷದ ಬೊಕ್ಕಸದಿಂದಲೇ ಹೋಗುತ್ತದೆ. ಅಲ್ಲಿ ಹಾಗಲ್ಲ. ನೌಕರ ದುಡಿಯುತ್ತಿರುವಾಗಲೇ ಪ್ರತಿವರ್ಷ ಒಂದಿಷ್ಟು ಹಣವನ್ನು ನಿಧಿಗೆ ಕಟ್ಟಬೇಕು, ನಿಧಿ ಅದನ್ನು ಹೂಡಿ ಬೆಳೆಸಬೇಕು. ಎಷ್ಟು ಬೆಳೆಯುತ್ತದೆ? ಇಲ್ಲಿಯೇ ತಕರಾರು. ಡೆಟ್ರಾಯಿಟ್ ನಿಧಿಗಳು ವರ್ಷಕ್ಕೆ ಸುಮಾರು ಶೇ 8 ಲಾಭ ಬರುತ್ತದೆಂದು ಲೆಕ್ಕ ಹಾಕಿದ್ದವು. ಆ ಲೆಕ್ಕದಲ್ಲಿ ಕೊರತೆ 65 ಕೋಟಿ ಡಾಲರಿಗಿಂತ ಕಡಿಮೆ. ದಿವಾಳಿ ನಿಭಾಯಿಸಲು ಬಂದ ತುರ್ತು ಆಡಳಿತಾಧಿಕಾರಿ ಕೆವಿನ್ ಆರ್ ಅವರ ಲೆಕ್ಕದಲ್ಲಿ ಅದೇ ಕೊರತೆ 350 ಕೋಟಿ! ನಾಳಿನ ಲಾಭವನ್ನು ತುಸು ಹೆಚ್ಚಾಗಿ ಊಹಿಸಿದರೆ ಇಂದು ಕಟ್ಟಬೇಕಾದ್ದು ಕಡಿಮೆಯಾಗುತ್ತದೆ. ಯಾವ ರಾಜಕಾರಣಿಗೆ ತಾನೆ ಇದು ಕಹಿ?

ನಗರವೂ ಸೊರಗಿತ್ತು. 1950ರಲ್ಲಿ 18.5 ಲಕ್ಷವಿದ್ದ ಜನಸಂಖ್ಯೆ 2010ಕ್ಕೆ 7 ಲಕ್ಷದ ಆಸುಪಾಸಿಗೆ ಇಳಿದಿತ್ತು. ದುಡಿಯುವ ನೌಕರರಿಗಿಂತ ನಿವೃತ್ತರು ಎರಡು ಪಟ್ಟು. ಆದರೂ ಲಾಭ ಬಂದ ವರ್ಷಗಳಲ್ಲಿ ‘ಹದಿಮೂರನೇ ಚೆಕ್ಕು’ ಎಂದು ಹೆಚ್ಚುವರಿ ಹಣ ಹಂಚಲಾಗಿತ್ತು. 2005ರಲ್ಲಂತೂ ನಿಧಿ ತುಂಬಲು ಸುಮಾರು 140 ಕೋಟಿ ಡಾಲರ್ ಸಾಲ ಎತ್ತಲಾಯಿತು.

ಮಿಷಿಗನ್ ರಾಜ್ಯದ ಸಂವಿಧಾನ ಪಿಂಚಣಿಗೆ ರಕ್ಷಣೆ ಕೊಟ್ಟಿದೆ. ಆದರೆ ಪಿಂಚಣಿಯೂ ಒಂದು ಕರಾರು, ದಿವಾಳಿಯಲ್ಲಿ ಕರಾರನ್ನು ಕಡಿಯಬಹುದು ಎಂದರು ನ್ಯಾಯಾಧೀಶ ಸ್ಟೀವನ್ ರೋಡ್ಸ್. ಕೊನೆಗೆ ಚಿತ್ರಗಳನ್ನು ಉಳಿಸಲು ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಹಾಗೂ ಸಂಗ್ರಹಾಲಯ ಸೇರಿ ಸುಮಾರು 81.6 ಕೋಟಿ ಡಾಲರ್ ಹೊಂದಿಸಿದವು. ಅದು ಪಿಂಚಣಿ ನಿಧಿಗೆ ಹೋಯಿತು. ಸಾಮಾನ್ಯ ನೌಕರರ ಪಿಂಚಣಿ ಶೇ 4.5ರಷ್ಟು ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕ ವಾರ್ಷಿಕ ಹೆಚ್ಚಳ ನಿಂತೇಹೋಯಿತು. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಮೂಲ ಪಿಂಚಣಿ ಉಳಿಸಿಕೊಂಡರು.

ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ಚಿತ್ರಗಳು. ಹೆಚ್ಚು ಪೆಟ್ಟು ಬಿದ್ದದ್ದು ಬೇರೆಡೆ. ನಿವೃತ್ತರ ವೈದ್ಯಕೀಯ ವೆಚ್ಚಕ್ಕೆ ನಿಧಿಯೇ ಇರಲಿಲ್ಲವೆನ್ನಬಹುದು, ಸಂವಿಧಾನದ ರಕ್ಷಣೆಯೂ ಇರಲಿಲ್ಲ. 430 ಕೋಟಿ ಡಾಲರಿನ ಆ ಬಾಬ್ತು 45 ಕೋಟಿಯ ಸಾಲಪತ್ರಗಳಲ್ಲಿ ಇತ್ಯರ್ಥವಾಯಿತು. ಅಲ್ಲಿ ಸರ್ಕಾರದ ಮೆಡಿಕೇರ್ ಸಿಗುವುದು ಸಾಮಾನ್ಯವಾಗಿ 65 ತುಂಬಿದ ಮೇಲೆ. ಅದಕ್ಕೆ ಮೊದಲೇ ನಿವೃತ್ತರಾದ ಬಹುತೇಕರಿಗೆ 2014ರಲ್ಲಿ ನಗರ ಕೊಟ್ಟದ್ದು ತಿಂಗಳಿಗೆ 125 ಡಾಲರ್, ವಿಮೆಯನ್ನು ಅವರೇ ಹುಡುಕಿಕೊಳ್ಳಬೇಕಿತ್ತು.